ನೂರು ಮೈಕ್ರೋಗ್ರಾಂ

ಮೂವತ್ತೊಂದು ವರ್ಷ ಕಚ್ಚಿಸಿಕೊಂಡವಳು ನಾನು.
ಮೊಣಕೈ, ಕಿವಿಯ ಹಾಲೆ, ಒಮ್ಮೆ ನಾಲಗೆಯ ತುದಿ.
ಈರುಳ್ಳಿ ಉಜ್ಜಿ, ಬೈದು, ಮತ್ತೆ ಗೂಡಿಗೆ ಕೈ ಹಾಕಿದವಳು.
ಹಾಗಾಗಿ ಆ ಜುಲೈ ಮಧ್ಯಾಹ್ನ
ಲಿಂಡನ್ ಮರದ ಕೆಳಗೆ ಒಂದೇ ಒಂದು ಹುಳು
ಮಣಿಕಟ್ಟಿಗೆ ಚುಚ್ಚಿದಾಗ
ಉಗುರಲ್ಲಿ ಮುಳ್ಳು ಕೆರೆದು ತೆಗೆದು
ಮುಂದಿನ ಚೌಕಟ್ಟು ಎತ್ತಿದೆ.

ಮೊದಲು ಅಂಗೈ ತುರಿಕೆ.
ಆಮೇಲೆ ಅಂಗಾಲು. ಅಲ್ಲಿ ಯಾರೂ ಕಚ್ಚಿರಲಿಲ್ಲ.
ತುಟಿ ನನ್ನದಲ್ಲದ ಹಾಗೆ ದಪ್ಪವಾಯಿತು.
"ಓಜ್‌ಬೊಲ್ಟ್" ಎಂದು ಗಂಡನನ್ನು ಕೂಗಿದೆ;
ಗಂಟಲಿಂದ ಬಂದದ್ದು ಬರೀ ಸಿಳ್ಳೆ.
ಬಣ್ಣದ ಗೂಡುಗಳೆಲ್ಲ, ನೀಲಿ, ಹಳದಿ, ನೀಲಿ,
ನೀರಲ್ಲಿ ಅದ್ದಿದ ಚಿತ್ರದಂತೆ ಕಲಸಿಹೋದವು.

ಬದುಕಿದೆ. ಆ ಕತೆ ಬೇಡ:
ಆಂಬುಲೆನ್ಸು, ತೊಡೆಗೆ ಅಡ್ರಿನಲಿನ್,
ಒಂದು ಶೂ ಹುಲ್ಲಲ್ಲೇ ಉಳಿದದ್ದು.

ಲ್ಯುಬ್ಲಿಯಾನಾದ ಡಾಕ್ಟರಮ್ಮ, ರೊಜಾಲಿಯಾ ಕೊಬಾಲ್,
ನನ್ನ ರಕ್ತದ ಚೀಟಿ ಓದಿ ಕನ್ನಡಕ ತೆಗೆದಳು.
"ವಿಷವೇನೂ ಅಷ್ಟಿರಲಿಲ್ಲ.
ನಿಮ್ಮ ಮೈಯೇ ಹೆದರಿತು."
ತಿಗಣೆ ಕಂಡು ಮನೆಗೆ ಬೆಂಕಿ ಇಡುವವರಿದ್ದಾರಲ್ಲ,
ಅಂಥವರು ನನ್ನೊಳಗೇ ಸಂಸಾರ ಹೂಡಿದ್ದರು.

"ಗೂಡುಗಳನ್ನು ಮಾರಿಬಿಡಿ," ಅಂದಳು. "ಇಲ್ಲವೇ
ಹೆದರಿದ್ದನ್ನು ಪಳಗಿಸೋಣ.
ಐದು ವರ್ಷ ಹಿಡಿಯಬಹುದು."
ಮಾರುವುದೆಂದರೇನು?
ನಮ್ಮ ಸ್ಲೊವೇನಿಯನ್ ಮಾತಿನಲ್ಲಿ
ಹಸು ಸಾಯುತ್ತದೆ, ನಾಯಿ ಸಾಯುತ್ತದೆ,
ಜೇನು ಮಾತ್ರ ತೀರಿಕೊಳ್ಳುತ್ತದೆ, ಮನುಷ್ಯರ ಹಾಗೆ.
ಅಪ್ಪ ತೀರಿಕೊಂಡ ಬೆಳಿಗ್ಗೆ ಒಂದೊಂದು ಗೂಡಿಗೂ ಬೆರಳು ತಟ್ಟಿ
ಸುದ್ದಿ ಹೇಳಿದವಳು ನಾನು, ಹನ್ನೆರಡರ ಹುಡುಗಿ.

ಹನಿಯ ಹನಿಯಿಂದ ಶುರುವಾಯಿತು,
ಮೈಕ್ರೋಗ್ರಾಮಿನ ಹತ್ತರಲ್ಲೊಂದು ಪಾಲು.
ವಾರಕ್ಕೊಮ್ಮೆ ರೈಲು, ತೋಳಿಗೆ ಸೂಜಿ,
ಆಮೇಲೆ ಹಸಿರು ಕುರ್ಚಿಯಲ್ಲಿ ಅರ್ಧ ಗಂಟೆ,
ಗಡಿಯಾರದ ಎದುರು, ತಪ್ಪು ಮಾಡಿದ ಶಾಲೆಹುಡುಗಿಯಂತೆ.
ಬಲಗಡೆ ಕಣಜ ಕಚ್ಚಿದ ಅಂಚೆಯವನು.
ಎಡಗಡೆ ಬರ್ಚ್ ಮರದ ಪರಾಗಕ್ಕೆ ಸೀನುವ ಪಿಟೀಲು ಮೇಷ್ಟ್ರು.
ಸೇಬೂ ಆಗದು ಅವನಿಗೆ, ಬಾಯೆಲ್ಲ ತುರಿಕೆ;
ಮೈ ಎರಡನ್ನೂ ಒಂದೇ ಎಂದು ತಿಳಿಯುತ್ತದಂತೆ.
"ಬೇಯಿಸಿದರೆ ಆಗುತ್ತೆ," ಅನ್ನುತ್ತಾನೆ,
ಪ್ರತಿ ವಾರ, ಯಾರೂ ಕೇಳದಿದ್ದರೂ.
ನರ್ಸ್ ನೇಜಾ ಬಂದು ತೋಳಿನ ದದ್ದನ್ನು
ಪ್ಲಾಸ್ಟಿಕ್ ಪಟ್ಟಿಯಿಂದ ಅಳೆದು ಬರೆದುಕೊಳ್ಳುತ್ತಾಳೆ.
ಎಂಟನೇ ವಾರ ಅದು ಕೋಳಿಮೊಟ್ಟೆಯಷ್ಟಾಯಿತು.
ಎರಡು ಹೆಜ್ಜೆ ಹಿಂದಕ್ಕೆ ಹೋದೆವು.

ವಿಷಕ್ಕೆ ವಿಷವೇ ಮದ್ದು ಎನ್ನುವುದು ಸುಲಭ.
ಎಷ್ಟು ಎನ್ನುವುದೇ ವಿದ್ಯೆ.

ಮನೆಯಲ್ಲಿ ಈಗ ಗೂಡು ನೋಡುವವನು ಓಜ್‌ಬೊಲ್ಟ್.
ಹೊಗೆ ಹೆಚ್ಚು ಹಾಕುತ್ತಾನೆ.
ಕಿಟಕಿಯಿಂದ ಕೈಸನ್ನೆ ಮಾಡುತ್ತೇನೆ, ನೋಡುವುದಿಲ್ಲ.
ರಾತ್ರಿ ಅಭ್ಯಾಸದ ಪೆನ್ನು ಹಿಡಿದು
ಸೋಫಾದ ದಿಂಬಿಗೆ ಚುಚ್ಚುತ್ತಾನೆ, ಹತ್ತು ಎಣಿಸುತ್ತಾನೆ,
ಪ್ರತಿ ಸಲವೂ ದಿಂಬಿಗೆ "ಕ್ಷಮಿಸು" ಎನ್ನುತ್ತ.

ನೂರು ಮೈಕ್ರೋಗ್ರಾಂ ಮುಟ್ಟಿದ ಮರುವಸಂತ, ಪರೀಕ್ಷೆ.
ತೋಳಿಗೆ ಮೊದಲೇ ಸಲೈನ್, ಬಾಗಿಲಲ್ಲಿ ಗಾಲಿಮಂಚ.
ನೇಜಾ ಗಾಜಿನ ಲೋಟದಲ್ಲಿ ಹಿಡಿದು ತಂದಳು
ಒಂದು ಜೇನು. ಯಾರ ಗೂಡಿನದೋ.
ಲೋಟವನ್ನು ಮುಂಗೈ ಮೇಲೆ ಬೋರಲಿಟ್ಟಳು.
ಅದಕ್ಕೆ ಕಚ್ಚುವ ಮನಸ್ಸಿರಲಿಲ್ಲ.
ಗಾಜು ಹತ್ತಿತು, ಇಳಿಯಿತು, ಮೀಸೆ ಒರೆಸಿಕೊಂಡಿತು.
ನೇಜಾ ಲೋಟ ಅಲುಗಿಸಿದಳು.

ಉರಿ.
ಹಳೆಯ ಉರಿ, ಹೆಸರು ಹಿಡಿದು ಕರೆಯುವಷ್ಟು ಪರಿಚಯದ್ದು.
ಅಂಗೈ ಸುಮ್ಮನಿತ್ತು. ಅಂಗಾಲು ಸುಮ್ಮನಿತ್ತು.
ಹತ್ತು ನಿಮಿಷ. ಇಪ್ಪತ್ತು. ಒಂದು ಗಂಟೆ.
ಡಾಕ್ಟರಮ್ಮ ನಗುತ್ತ ಏನೇನೋ ಹೇಳುತ್ತಿದ್ದಳು,
ತಿಂಗಳ ಸೂಜಿ ಬಿಡುವಂತಿಲ್ಲ, ಪೆನ್ನು ಜೇಬಲ್ಲೇ ಇರಲಿ.
ನಾನು ಟ್ರೇ ನೋಡುತ್ತಿದ್ದೆ.
ಹತ್ತಿಯ ಮೇಲೆ ಅದು, ಹೊಟ್ಟೆ ಹರಿದು,
ಒಂದು ಕಾಲು ಇನ್ನೂ ಆಡುತ್ತಿತ್ತು, ಆಮೇಲೆ ಇಲ್ಲ.

"ತೀರಿಕೊಂಡ ಹೊತ್ತು ಬರೆದುಕೋ," ಎಂದೆ ನೇಜಾಗೆ.
ಅವಳು ನಗಲಿಲ್ಲ. ನನ್ನ ಚೀಟಿಯ ಅಂಚಿನಲ್ಲಿ
ಪುಟ್ಟ ಅಕ್ಷರದಲ್ಲಿ ಬರೆದಳು: ಹತ್ತು ನಲವತ್ತು.