ರನ್ ಎಂದರೆ ಮನೆ

ರನ್ ಎಂದರೆ ಮನೆ.
ಸಾಕ ಎಂದರೆ ಹುಡುಕು. ನಮ್ಮ ಸಾಕು ಅಲ್ಲ;
ಹುಡುಕುವವನಿಗೆ ಸಾಕೆಂಬುದು ಎಲ್ಲಿದೆ?

ನಾರ್ವೆಯ ಒಂದು ಕೊಲ್ಲಿ, ಚಳಿಗೆ ಕಲ್ಲೂ ಬಿರಿಯುವ ತಿಂಗಳು.
ಕೆಟಿಲನ ಹೊದಿಕೆಯ ಬೆಳ್ಳಿಕೊಕ್ಕೆ ಕಾಣೆಯಾಗಿದೆ.
ಅನುಮಾನ ಬಂದು ನಿಂತದ್ದು ಹಾಲ್‌ಬೆರಾಳ ಹೊಸ್ತಿಲಲ್ಲಿ.
ಕಟ್ಟಳೆ ಹೀಗಿತ್ತಂತೆ:
ಕಂಬಳಿ ಹೊರಗಿಡು, ನಡುಪಟ್ಟಿ ಬಿಚ್ಚು,
ಬರೀ ಅಂಗಿಯಲ್ಲಿ, ತೋಳು ಕೊಡವಿ ಒಳಗೆ ಬಾ.
ನೀನೇ ತಂದು ಹಿಟ್ಟಿನ ಮಡಕೆಯಲ್ಲಿ ಹೂತು
ಸಿಕ್ಕಿತು ಅನ್ನಬಾರದಲ್ಲ.

ಬಂದ. ಹಲ್ಲು ಕಟಕಟ.
ಒಣಮೀನಿನ ಗೊಂಚಲು ಸರಿಸಿದ, ಪೆಟ್ಟಿಗೆ ತೆರೆದ
(ಬೀಗದಕೈ ಅವಳೇ ಕೊಟ್ಟಳು, ಮುಖ ನೋಡದೆ),
ತೊಟ್ಟಿಲ ಹುಲ್ಲಿಗೆ ಕೈಹಾಕಿದಾಗ ಕೂಸು ಎದ್ದಿತು.
ಎರಡು ಸಲ ತೂಗಿದ.
ಹುಡುಕಲು ಬಂದವನು. ತೂಗಿದ.
ಏನೂ ಸಿಗಲಿಲ್ಲ.
ತೆರೆದದ್ದನ್ನೆಲ್ಲ ಮುಚ್ಚಿ ಹೋದ.

ಇಷ್ಟೇ ಇತ್ತು ಆ ಮಾತಿನೊಳಗೆ.
ಆಮೇಲೆ ಅದು ದೋಣಿ ಹತ್ತಿತು.
ಯಾರ್ಕ್‌ಶೈರಿನ ದಂಡೆಗೆ ಇಳಿಯುವಷ್ಟರಲ್ಲಿ
ಅಂಗಿಯ ನೇಮ ಉಪ್ಪುನೀರಲ್ಲಿ ಎಲ್ಲೋ ಬಿದ್ದುಹೋಗಿತ್ತು.
ರ‍್ಯಾನ್‌ಸ್ಯಾಕ್ ಅಂದರು.
ಕೊನೆಯ ತುಂಡು ಕಿವಿಗೆ ಗೋಣಿಚೀಲದಂತೆ ಕೇಳಿಸಿತು;
ಚೀಲವೆಂದ ಮೇಲೆ ತುಂಬದೆ ಬಿಟ್ಟಾರೆಯೆ?

ಮೊನ್ನೆ ಮಂಗಳವಾರ ವಿಟ್ಬಿಯಲ್ಲಿ ಎನಿಡ್ ಥ್ರೆಲ್‌ಫಾಲ್
ಕಣ್ಣಾಸ್ಪತ್ರೆಯಿಂದ ಬಂದು ಬಾಗಿಲು ತಳ್ಳಿದರೆ
ಡ್ರಾಯರುಗಳೆಲ್ಲ ನೆಲದ ಮೇಲೆ ಬೋರಲು,
ಹಾಸಿಗೆಯ ಹೊಟ್ಟೆ ಸೀಳಿತ್ತು.
ಕಾನ್‌ಸ್ಟೇಬಲ್ ಬ್ರಯನಿ ಅದೇ ಪದ ಬರೆದುಕೊಂಡಳು.
"ಏನೇನು ಹೋಯಿತು?"
"ಏನೂ ಹೋಗಿಲ್ಲ ಕಣಮ್ಮ. ಎಲ್ಲ ಮುಟ್ಟಿಹೋಗಿದ್ದಾರೆ."
ಗುಂಡಿಗಳ ಡಬ್ಬಿ ಚೆಲ್ಲಿತ್ತು. ಮುದುಕಿ ಮಂಡಿಯೂರಿ,
ಔಷಧಿ ಬಿಟ್ಟ ಕಣ್ಣು ಮಂಜಾಗಿದ್ದರೂ, ಬೆರಳಲ್ಲೇ ನೋಡುತ್ತ
ಒಂದೊಂದನ್ನೇ ಹೆಕ್ಕತೊಡಗಿದಳು:
ಇದು ಮಳೆಕೋಟಿನದು, ಇದು ಹ್ಯಾರಲ್ಡನ ಸಮವಸ್ತ್ರದ್ದು,
ಇದು... ಇದು ಯಾರದು?

ಮನೆ ಇನ್ನೂ ಇದೆ ಆ ಪದದಲ್ಲಿ, ಮುಂಬಾಗಿಲಲ್ಲೇ.
ಬ್ರಯನಿಯ ಪೆನ್ನು ಅದನ್ನು ದಾಟಿ ಮುಂದಿನ ಸಾಲಿಗೆ ಹೋಯಿತು.

ನಾನೂ ಹುಡುಕಲು ಬಂದವನೇ, ನಿಘಂಟಿನ ಕಡೆಯಿಂದ.
ನೇಮದಂತೆ ಹೊಸ್ತಿಲಲ್ಲಿ ನಿಂತು ತೋಳು ಕೊಡವಿದೆ.
ಟಪ್ಪನೆ ಬಿತ್ತು ನಮ್ಮ ಕಡೆಯದೊಂದು:
ಸೂರು.
ಕೊನೆಯ ಕೊಂಬು ಕಳಚಿ ಎತ್ವ ಕೊಟ್ಟರೆ, ಸೂರೆ.
ಇದು ಇಲ್ಲಿ ಸಿಕ್ಕಿದ್ದಲ್ಲ, ಹಾಲ್‌ಬೆರಾ.
ನಾನೇ ತಂದದ್ದು.
ನಿನ್ನ ತೊಟ್ಟಿಲ ಹುಲ್ಲಿನಲ್ಲಿ ಇಡಲು ಹೊರಟಿದ್ದೆ.