ಪದ್ಮಿನಿ ನಿಂತ ಜಾಗಗಳು

ಮೊದಲ ಸಲ ನಿಂತಿದ್ದು ನಲವಡಿ ದಾಟಿ,
ಎರಡನೇ ಸಲ ಅಣ್ಣಿಗೇರಿ ಬಸ್‌ಸ್ಟ್ಯಾಂಡಿನ ಮುಂದ,
ಮೂರನೇದ್ದು ಹುಲಕೋಟಿ, ನೂಲಿನ ಗಿರಣಿ ಹತ್ರ,
ಪಾಳಿ ಬಿಟ್ಟು ಬಂದ ಹೆಣ್ಮಕ್ಕಳು ನೂಕಿದರಂತ.

ಸಿಸ್ಟರ್ ಸುಗುಣಾಬಾಯಿ ಉಳ್ಳಾಗಡ್ಡಿ
ಎಲ್ಲಾ ಚೀಟಿಯಾಗ ಬರಕೊಂಡು ಬಂದಿದ್ದರು:
ತಾರೀಖು, ತಾಸು, ಎಷ್ಟು ಕಿಲೋಮೀಟರು,
ನಿಲ್ಲೂದಕ್ಕ ಮೊದಲು ಕೆಮ್ಮಿತೋ ಇಲ್ಲೋ,
ಮುಟ್ಟಿದರ ಎಷ್ಟು ಕಾವು.
ಬೆಟಗೇರಿ ದವಾಖಾನಿಯೊಳಗ ಮೂವತ್ತೆರಡು ವರ್ಷ
ಹೆರಿಗಿ ವಾರ್ಡು ನೋಡಿಕೊಂಡವರು.
ನಾನು ಚೀಟಿ ಮಡಚಿ ಟೂಲ್‌ಬಾಕ್ಸಿನ ತಳಕ್ಕ ಹಾಕಿದೆ.
ಓದಲಿಲ್ಲ.

ಮುಳಗುಂದ ನಾಕಾದಾಗ ಈ ತಗಡಿನ ಕೆಳಗ
ಅಪ್ಪನ ಕಾಲದಿಂದ ಪದ್ಮಿನಿ ಬಿಚ್ಚಿದ ಕೈ ಇದು.
ಪಾಯಿಂಟ್ ಉಜ್ಜಿದೆ, ಕಂಡೆನ್ಸರ್ ಹಾಕಿದೆ,
ಓಡಿಸ್ರಿ ಅಂದೆ. ನಿಂತಿತು.
ಕಾಯಿಲ್ ಕಾಯಾಕತ್ತೈತಿ ಅಂತ ಕಾಯಿಲ್ ತಗದೆ,
ಹೊಸಾದು ಹುಬ್ಬಳ್ಳಿಯಿಂದ ತರಿಸಿದೆ. ನಿಂತಿತು.
ಪಂಪಿನ ಪರದೆ, ಕಾರ್ಬೊರೇಟರಿನ ಜೆಟ್ಟು,
ಊದಿ, ಹೀರಿ, ಬಾಯೆಲ್ಲಾ ಪೆಟ್ರೋಲು;
ಆ ರಾತ್ರಿ ರೊಟ್ಟಿಗೂ ಅದ ರುಚಿ.

ನನ್ನ ಷೆಡ್ಡಿನಾಗ ಮಾತ್ರ ನಿಲ್ಲತಿರಲಿಲ್ಲ ಅದು.
ಇನ್‌ಸ್ಪೆಕ್ಟರ್ ಬಂದ ದಿನದ ಸಾಲಿ ಹುಡುಗನಂಗ
ಅರ್ಧ ತಾಸು ಗುರಗುರ, ಶಾಣ್ಯಾತನ.

"ಟಾಕಿ ತುಂಬಿಸಿದ ದಿನ ಲಗೂನ ನಿಲ್ಲತೈತಿ ನೋಡಪ,
ಅರ್ಧ ಇದ್ದಾಗ ಹುಬ್ಬಳ್ಳಿತನಕ ಹೋಗತೈತಿ,"
ಅಂದರು ಸಿಸ್ಟರ್.
ನಾನು ನಕ್ಕೆ. ಹೊಟ್ಟಿ ತುಂಬಿದರ ಯಾರರ ನಿಲ್ಲತಾರೇನ್ರಿ?
"ಹೊಟ್ಟಿ ತುಂಬಿದವರ ಏಳೂದಿಲ್ಲ," ಅಂದರು. ನಗಲಿಲ್ಲ.

ಕಡೀಕ ಇಬ್ಬರೂ ಹೊಂಟಿವಿ,
ಮಾರ್ಚಿನ ಒಂದು ಮಂಗಳವಾರ ಮಧ್ಯಾಹ್ನ,
ಟಾಕಿ ತುಂಬ ಪೆಟ್ರೋಲ್, ಸ್ಟೇರಿಂಗ್ ಅವರ ಕೈಯಾಗ.
ಬಿಂಕದಕಟ್ಟಿ ದಾಟಿತು. ಹುಲಕೋಟಿ ದಾಟಿತು.
ಎರಡು ಸಲ ಜಗ್ಗಿತು, ಒಂದು ಸಲ ನಡುಗಿತು,
ಆಮ್ಯಾಲೆ ಗಾಲಿ ಸಪ್ಪಳ ಅಷ್ಟ,
ಕರಿ ಹೊಲದ ನಡುವ.

ನಾನು ಬಾನೆಟ್ಟಿನಾಗ ತಲಿ ಹಾಕಿದೆ.
ಅವರು ಹಿಂದ ಹೋಗಿ, ಯಾವಾಗಲೂ ಮಾಡೂಹಂಗ,
ಟಾಕಿ ಮುಚ್ಚಳದ ಬೀಗ ತಗದರು, ಕಡ್ಡಿ ಅದ್ದಿ ನೋಡಾಕ.
"ದಾವಲಸಾಬ, ಕೇಳಿದ್ಯಾ?"
ಏನ್ರಿ?
"ಉಸರು."
ಬಿಸಲಿಗೆ ಪೆಟ್ರೋಲ್ ಗ್ಯಾಸ್ ಬಿಡತೈತ್ರಿ.
"ಬಿಟ್ಟಿದ್ದಲ್ಲೋ. ಎಳಕೊಂಡಿದ್ದು.
ಎರಡರ ಫರಕು ನನಗ ಕಲಿಸಬ್ಯಾಡ."

ಚಾವಿ ತಿರುವಿದರು. ಚಾಲೂ.

ಅಲ್ಲೇ ರಸ್ತೆ ಬದಿಗೆ ಕುಂತು ಚೀಟಿ ಹುಡುಕಿ ತಗದೆ,
ಗ್ರೀಸ್ ಹತ್ತಿತ್ತು, ಅಕ್ಷರ ಗುಂಡಗ.
ಪ್ರತಿ ಸಾಲಿನ ತುದಿಗೂ ಅದ ಮಾತು:
ಮುಚ್ಚಳ ತಗದು ನೋಡಿದೆ, ಪೆಟ್ರೋಲ್ ಇತ್ತು, ಚಾಲೂ ಆತು.
ಮುಚ್ಚಳ ತಗದು ನೋಡಿದೆ, ಇತ್ತು, ಚಾಲೂ ಆತು.
ನೋಡೂದ ಔಷಧ ಆಗಿತ್ತು,
ಅದಕ್ಕ ರೋಗ ಕಂಡಿರಲಿಲ್ಲ.

ದೀಪಾವಳಿ ಮುಂದ ಯಾರೋ ಪೆಟ್ರೋಲ್ ಕದ್ದಿದ್ದರಂತ.
ದುರ್ಗದಬೈಲಿನಾಗ ಬೀಗದ ಮುಚ್ಚಳ ಕೊಂಡರಂತ,
ಹಿತ್ತಾಳಿ ಚಾವಿ, ದಪ್ಪ ರಬ್ಬರು, ಚಲೋ ಬಿಗಿ.
ಹಳೇದಕ್ಕ ಒಂದು ತೂತಿತ್ತು, ಸಾಸಿವಿಕಾಳಿನಷ್ಟು.
ಇದಕ್ಕ ಇರಲಿಲ್ಲ.
ಒಳಗ ಪೆಟ್ರೋಲ್ ತೀರಿದಷ್ಟು ಗಾಳಿ ಹೋಗಬೇಕಲ್ಲ,
ಹೋಗಾಕ ದಾರಿ ಇಲ್ಲ.
ತುಂಬಿದ ಟಾಕಿಯಾಗ ಮೊದಲ ಜಾಗ ಕಮ್ಮಿ,
ಲಗೂನ ಗಂಟಲು ಕಟ್ಟತಿತ್ತು.

ಸಣ್ಣ ಡ್ರಿಲ್ಲು, ಎರಡು ನಿಮಿಷದ ಕೆಲಸ.
ಎಷ್ಟು ಅಂದರು. ಬ್ಯಾಡ್ರಿ ಅಂದೆ.
ಸ್ಟೂಲಿನ ಮ್ಯಾಲೆ ಹತ್ತು ರೂಪಾಯಿ ಇಟ್ಟು ಹೋದರು.

ಆ ತಗದ ಕಾಯಿಲ್
ಅವರೂ ಕೇಳಲಿಲ್ಲ, ನಾನೂ ಕೊಡಲಿಲ್ಲ.
ಲಕ್ಕುಂಡಿಯವರ ಜೀಪಿಗೆ ಕೂಡಿಸೀನಿ.
ದಿನಾ ನನ್ನ ಷೆಡ್ಡಿನ ಮುಂದ ಹಾದು ಹೋಗತೈತಿ.
ಒಂದು ಸಲಾನೂ ನಿಂತಿಲ್ಲ.