ಚಿಲ್ಲರೆ

ಪೊನ್ನಂಪೇಟೆಯಲ್ಲಿ ಬಸ್ಸಿಳಿದು
ಕೊಡವ ಸಮಾಜದ ಮೆಟ್ಟಿಲ ಹತ್ತಿರ ಬಂದಮೇಲೆ ನೆನಪಾಯಿತು:
ಮದುಮಗಳ ಕೈಗಿಡಲು ನನ್ನಲ್ಲಿ ಒಂದು ನಾಣ್ಯವಿಲ್ಲ.
ಚೇಲೆಯ ಮಡಿಕೆಯಲ್ಲಿ ಪೀಚೆಕತ್ತಿ, ಪಕ್ಕದಲ್ಲಿ ಫೋನು,
ಫೋನಿನೊಳಗೆ ಇಡೀ ತಿಂಗಳ ಸಂಬಳ.

ಬಸ್ಸಿಗೂ ಅದರಲ್ಲೇ ಕೊಟ್ಟಿದ್ದೆ.
ಮೀನಿಗೆ, ಕ್ಷೌರಕ್ಕೆ,
ಮೊನ್ನೆ ಸಾವಿನ ಮನೆಗೆ ಒಯ್ದ ಹೂವಿಗೂ.
ಪ್ಯಾಂಟಿನ ಜೇಬು ಹರಿದು ಎರಡು ವರ್ಷ; ಹೊಲಿಸಿಲ್ಲ.

ಎದುರಿನ ಅಂಗಡಿಯ ಸೂಪಿ ಕಾಕ
ಗಲ್ಲಾಪೆಟ್ಟಿಗೆ ಎಳೆದು ತೋರಿಸಿದರು:
ರಬ್ಬರ್ ಬ್ಯಾಂಡು, ಗುಂಡುಸೂಜಿ, ಏಲಕ್ಕಿ ಸಿಪ್ಪೆ.
"ಎಲ್ಲರೂ ಟುಂಯ್ ಅನ್ನಿಸಿ ಹೋಗ್ತೀರಿ,
ಚಿಲ್ಲರೆ ಎಲ್ಲಿಂದ ಬರಬೇಕು?"

ಅಂದವರು, ಏನೋ ಹೊಳೆದು,
ಮೇಜಿನ ಮೇಲಿನ ಕ್ಯೂಆರ್ ಫಲಕದ
ಮುರಿದ ಕಾಲಿನಡಿಯಿಂದ
ಐದು ರೂಪಾಯಿ ಬಿಲ್ಲೆ ಎಳೆದುಕೊಟ್ಟರು.
ಫಲಕ ವಾಲಿತು.
ನಾನೂ ಕತ್ತು ವಾಲಿಸಿ ಐದು ರೂಪಾಯಿ ಕಳಿಸಿದೆ;
ಮೂಲೆಯ ಡಬ್ಬಿ ಬಂತು ಬಂತೆಂದು ಬೀದಿಗೆಲ್ಲ ಕೂಗಿತು.

ಮೊಣಕಾಲಿಗೆ, ಹೆಗಲಿಗೆ, ತಲೆಗೆ ಅಕ್ಕಿ.
ಕಿಂಡಿಯಿಂದ ಒಂದು ಗುಟುಕು ಹಾಲು.
ಬೊಳ್ಳಮ್ಮನ ಅಂಗೈಗೆ ಬಿಲ್ಲೆ ಇಟ್ಟೆ.
ಅದರ ಒಂದು ಮಗ್ಗುಲಲ್ಲಿ ಇನ್ನೂ ಅಂಗಡಿಯ ಬೆಲ್ಲದ ಜಿಗುಟು.
ಅವಳು ಮುಷ್ಟಿ ಮುಚ್ಚಿದಳು, ನನ್ನ ಬೆರಳೂ
ಒಂದು ಕ್ಷಣ ಒಳಗೇ ಉಳಿಯಿತು.

ಸಂಜೆ ನೋಡಿದರೆ
ಫಲಕದ ಕಾಲಿಗೆ ಮಡಚಿದ ಬೀಡಿಕಟ್ಟಿನ ಕಾಗದ.
ನಿಂತಿದೆ, ಹೇಗೋ.

ವಾಪಸು ಬಸ್ಸಿನಲ್ಲಿ ಮುಂದಿನ ಸೀಟಿನ ಮುದುಕಿ ನೂರರ ನೋಟು ಚಾಚಿದಳು.
ಕಂಡಕ್ಟರು ಗೊಣಗುತ್ತ
ಬಾಕಿ ಎಂಬತ್ತೆರಡು ಎಂದು ಟಿಕೆಟ್ಟಿನ ಬೆನ್ನಿಗೆ ಗೀಚಿಕೊಟ್ಟ.
ಆಕೆ ಅದನ್ನು ನೋಟಿನ ಹಾಗೇ ನಾಲ್ಕು ಮಡಿಕೆ ಮಾಡಿ
ಎಲೆಯಡಿಕೆ ಚೀಲದೊಳಗಿಟ್ಟು
ದಾರ ಬಿಗಿದಳು.